ಕಾಸರಗೋಡು ಪೇಟೆಯ ಪಾರ್ಕಿಂಗಿಗೆ ಹೊತ್ತುಗೊತ್ತು ಬೇಕು

ಕಾಸರಗೋಡು ನಗರಸಭೆಯ ಅಧ್ಯಕ್ಷರಿಗೂ ಸದಸ್ಯರಿಗೂ, ಪೇಟೆಯ ವ್ಯಾಪಾರಿಗಳಿಗೂ, ನನ್ನ ಹಾಗೆ ಒಳನಾಡಿನಿಂದ ಪೇಟೆಗೆ ಗಾಡಿ ತರುವ ಎಲ್ಲರಿಗೂ,

ಮಾನ್ಯರೇ,

“ಪೇಟೆಗೆ ಹೋಗ್ಲಿಕ್ಕೆ ಕಷ್ಟ ಇಲ್ಲ ಮಾರಾಯ, ಗಾಡಿ ಇಡುವುದೆಲ್ಲಿ ಹೇಳು?” ನೀರ್ಚಾಲು, ಬದಿಯಡ್ಕ, ಪೆರ್ಲದ ಕಡೆ ಯಾವ ಚಾ ಅಂಗಡಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಮಾತಿನ ಬೆನ್ನಿಗೇ ಪರಿಹಾರವೂ ಬರುತ್ತದೆ: ಪೇಟೆಯ ನಡುವೆ ನಾಲ್ಕೈದು ಮಾಳಿಗೆಯ ಪಾರ್ಕಿಂಗ್ ಕಟ್ಟಡ ಎಬ್ಬಿಸಬೇಕು, ಅಲ್ಲಿಗೆ ಮುಗಿಯಿತು. ನನಗೆ ಹಾಗೆ ಅನ್ನಿಸುವುದಿಲ್ಲ. ಪೇಟೆಯ ಜಾಗ ಇಕ್ಕಟ್ಟು ಹೌದು. ಆದರೆ ಅದಕ್ಕಿಂತ ದೊಡ್ಡ ತೊಂದರೆ, ಇರುವ ಜಾಗವನ್ನು ಬೆಳಗ್ಗೆ ಹಿಡಿದವರು ಸಂಜೆಯವರೆಗೆ ಬಿಡದಿರುವುದು. ಯಾರು, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ನಗರಸಭೆ ಗೊತ್ತುಮಾಡದೆ ಕಟ್ಟಡ ಎಷ್ಟು ಎತ್ತರಕ್ಕೆ ಹೋದರೂ ಅದರ ಕೆಳಗಿನ ರಸ್ತೆ ಈಗಿನ ಹಾಗೆಯೇ ಇರುತ್ತದೆ.

ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಉತ್ತರ ಬರುವುದಾದರೆ ಕನ್ನಡದಲ್ಲಿ ಬರಲಿ. ಬಾರದಿದ್ದರೆ, ಯಾವ ಭಾಷೆಯಲ್ಲಿ ಬಾರದಿದ್ದರೂ ಒಂದೇ.

ಕೆಲಸದ ದಿನ ಬೆಳಗ್ಗೆ ಎಂಟೂವರೆ ಹೊತ್ತಿಗೆ ಎಂ.ಜಿ. ರೋಡಿನಲ್ಲೋ ಕೆ.ಪಿ.ಆರ್. ರಾವ್ ರೋಡಿನಲ್ಲೋ ಒಮ್ಮೆ ನಡೆದು ನೋಡಿ. ಹೆಚ್ಚಿನ ಅಂಗಡಿಗಳ ಶಟರು ಎದ್ದಿರುವುದಿಲ್ಲ, ರಸ್ತೆಯ ಅಂಚು ಖಾಲಿ. ಒಂಬತ್ತರ ಮೇಲೆ ಗಾಡಿಗಳು ಬರತೊಡಗುತ್ತವೆ, ಆದರೆ ಮೊದಲು ಬರುವುದು ಗಿರಾಕಿಗಳದ್ದಲ್ಲ. ಅಂಗಡಿ ಯಜಮಾನರ ಕಾರು, ಅಂಗಡಿಯಲ್ಲಿ ಕೆಲಸಕ್ಕಿರುವವರ ಸ್ಕೂಟರು, ಬ್ಯಾಂಕಿನವರದು, ಲ್ಯಾಬಿನವರದು, ಮೇಲಿನ ಮಾಳಿಗೆಯ ಆಫೀಸುಗಳವರದು. ಇವರಿಗೂ ಮೊದಲು, ಮಂಗಳೂರಿನ ಬೆಳಗ್ಗಿನ ರೈಲಿಗೆ ಓಡುವವರು ಸ್ಟೇಷನಿನ ಶುಲ್ಕ ಉಳಿಸಲು ಹತ್ತಿರದ ಓಣಿಗಳಲ್ಲಿ ಸಿಕ್ಕಿಸಿ ಹೋದ ಬೈಕುಗಳು. ಹತ್ತೂವರೆಗೆ ಬಟ್ಟೆಗೆ, ಔಷಧಕ್ಕೆ, ಚಿನ್ನಕ್ಕೆ, ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದ ಕೆಲಸಕ್ಕೆ ಜನ ಬಂದು ತಲುಪುವಾಗ ಅಂಚು ತುಂಬಿ ಹೋಗಿದೆ. ಬಂದವರು ಏನು ಮಾಡುತ್ತಾರೆ? ನಿಂತ ಕಾರಿನ ಪಕ್ಕದಲ್ಲೇ ಇನ್ನೊಂದು ಸಾಲು ನಿಲ್ಲಿಸಿ ನಾಲ್ಕೂ ದೀಪ ಮಿನುಗಿಸಿ “ಎರಡೇ ನಿಮಿಷ” ಎಂದು ಇಳಿದು ಹೋಗುತ್ತಾರೆ. ಆ ಎರಡು ನಿಮಿಷ ಮುಗಿಯುವ ತನಕ ಹಿಂದಿನಿಂದ ಬಂದ ಬಸ್ಸು, ಅದರೊಳಗಿನ ಐವತ್ತು ಜನ ಕಾಯಬೇಕು. ಆ ದೀಪವನ್ನು ಕಾರಿಗೆ ಇಟ್ಟದ್ದು ಅಪಾಯ ಸೂಚಿಸಲಿಕ್ಕೆ; ನಮ್ಮ ಪೇಟೆಯಲ್ಲಿ ಅದು ಪರವಾನಗಿಯಾಗಿ ಬಿಟ್ಟಿದೆ.

ಲೆಕ್ಕ ಸುಲಭದ್ದು. ಒಂದು ಕಾರು ಒಂಬತ್ತೂವರೆಯಿಂದ ಏಳೂವರೆಯವರೆಗೆ ಅಂಗಡಿ ಮುಂದೆ ನಿಂತರೆ ಹತ್ತು ಗಂಟೆಯಲ್ಲಿ ಆ ಜಾಗಕ್ಕೆ ಬಂದದ್ದು ಒಬ್ಬನೇ. ಅದೇ ಜಾಗವನ್ನು ಅರ್ಧರ್ಧ ಗಂಟೆಗೆ ಬಿಟ್ಟುಕೊಟ್ಟರೆ ಇಪ್ಪತ್ತು ಜನರಿಗಾಯಿತು. ಮೂವತ್ತು ಕಾರು ಹಿಡಿಯುವ ಬೀದಿಯಲ್ಲಿ ಮೂವತ್ತರ ಬದಲು ಆರುನೂರು. ಅಷ್ಟು ಜನ ಬರಲಾರರು, ನಡುನಡುವೆ ಖಾಲಿ ಬಿದ್ದಿರುತ್ತದೆ ಎಂದು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿ, ಆಗಲೂ ಮುನ್ನೂರು. ಒಂದು ಚೀಲ ಸಿಮೆಂಟು ಖರ್ಚು ಮಾಡದೆ ಪಾರ್ಕಿಂಗ್ ಜಾಗ ಹತ್ತು ಪಟ್ಟು ಆದ ಹಾಗೆ. ಯಾವ ಮಾಳಿಗೆ ಕಟ್ಟಡ ಇಷ್ಟು ಕೊಡುತ್ತದೆ?

ವ್ಯಾಪಾರಿ ಬಂಧುಗಳೇ, ಇಲ್ಲಿ ನಿಮ್ಮೊಡನೆ ನೇರವಾಗಿ ಒಂದು ಮಾತು. ನೋ ಪಾರ್ಕಿಂಗ್ ಬೋರ್ಡು ಬಂದಾಗಲೆಲ್ಲ ವ್ಯಾಪಾರ ಹಾಳಾಯಿತು, ಗಿರಾಕಿ ಮಂಗಳೂರಿಗೆ ಹೋದ ಎಂಬ ಕೂಗು ನಿಮ್ಮ ಕಡೆಯಿಂದ ಏಳುತ್ತದೆ. ಗಿರಾಕಿ ಮಂಗಳೂರಿಗೆ ಹೋಗುವುದು ನಿಜ. ಆದರೆ ನಿಮ್ಮ ಅಂಗಡಿ ಎದುರು ದಿನವಿಡೀ ನಿಂತಿರುವ ಗಾಡಿ ಯಾರದೆಂದು ನೀವೇ ಹೊರಬಂದು ನೋಡಿ. ನಿಮ್ಮದಲ್ಲದಿದ್ದರೆ ಪಕ್ಕದ ಅಂಗಡಿಯವರದು. ಅವರ ಎದುರು ನಿಂತಿರುವುದು ನಿಮ್ಮ ಅಂಗಡಿಯ ಹುಡುಗನದು. ಇನ್ನು ಕೆಲವರು ಅಂಗಡಿಯೆದುರಿನ ಸರಕಾರಿ ರಸ್ತೆಯ ಮೇಲೆ ಹೂವಿನ ಚಟ್ಟಿ, ಹಳೆ ಟಯರು, ಮುರಿದ ಸ್ಟೂಲು ಇಟ್ಟು ಜಾಗ ಕಾದಿರಿಸುತ್ತಾರೆ. ರಸ್ತೆಯ ತುಂಡಿಗೆ ಹಕ್ಕುಪತ್ರ ಸಿಕ್ಕಿದ ಹಾಗೆ!

ಜಾಗದ ಬೆಲೆಯನ್ನು ನಾವು ಸೆಂಟ್ಸಿನಲ್ಲಿ ಅಳೆಯುವವರು, ಹಾಗೆಯೇ ನೋಡೋಣ. ಒಂದು ಸೆಂಟ್ಸ್ ಅಂದರೆ ಸುಮಾರು 40 ಚದರ ಮೀಟರು. ನಿಂತ ಕಾರಿಗೆ ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದ ಬೇಕು. ಒಳಗೆ ತರಲು, ತಿರುಗಿಸಲು, ಹೊರಗೆ ತೆಗೆಯಲು ಬೇಕಾದ ದಾರಿಯನ್ನೂ ಸೇರಿಸಿ ನಗರ ಯೋಜನೆಯವರು ಬಯಲು ಪಾರ್ಕಿಂಗಿನಲ್ಲಿ ಕಾರೊಂದಕ್ಕೆ 23 ಚದರ ಮೀಟರು ಹಿಡಿಯುತ್ತಾರೆ. ಅಂದರೆ ಸೆಂಟ್ಸಿಗೆ ಎರಡು ಕಾರು ಪೂರ್ತಿ ಹಿಡಿಸುವುದಿಲ್ಲ, ಹತ್ತು ಸೆಂಟ್ಸ್ ಜಾಗದಲ್ಲಿ ಹದಿನೇಳು. ಪೇಟೆಯೊಳಗೆ ಸೆಂಟ್ಸಿಗೆ ಎಷ್ಟು ಲಕ್ಷ ಹೇಳುತ್ತಾರೆಂದು ನಿಮಗೆ ಗೊತ್ತು. ಅಷ್ಟು ಬೆಲೆಯ ನೆಲವನ್ನು ಕಾರಿಗೆ ದಿನವಿಡೀ ಧರ್ಮಕ್ಕೆ ಕೊಟ್ಟು, ಬುಟ್ಟಿಯಲ್ಲಿ ಬಸಳೆ ಮಾರಲು ಕೂತ ಹೆಂಗಸನ್ನು ಮಾತ್ರ ದಾರಿಗೆ ಅಡ್ಡ ಎಂದು ಎಬ್ಬಿಸುತ್ತೇವೆ. ಪಾರ್ಕಿಂಗ್ ಶುಲ್ಕ ಅದು ಹಿಡಿಯುವ ನೆಲದ ನಿಜವಾದ ಬೆಲೆಯನ್ನು ತೋರಿಸುವಂತಿರಬೇಕು ಎಂದು ಕೇಂದ್ರ ಸರಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ದೊಡ್ಡ ನಗರಗಳೇ ಅದನ್ನು ಅರೆಮನಸ್ಸಿನಿಂದ ಓದಿದವು, ಸಣ್ಣ ಪೇಟೆಗಳು ಓದಲೇ ಇಲ್ಲ.

ಮಾಳಿಗೆ ಪಾರ್ಕಿಂಗಿನ ಆಸೆಯ ಬಗ್ಗೆ. ನಮಗೆ ಹತ್ತಿರದ ದೊಡ್ಡ ಪೇಟೆ ಮಂಗಳೂರು. ಅಲ್ಲಿ ಹಂಪನಕಟ್ಟೆಯ ಹಳೆ ಬಸ್ ಸ್ಟ್ಯಾಂಡಿನ ಜಾಗದಲ್ಲಿ ಬಹುಮಹಡಿ ಪಾರ್ಕಿಂಗಿಗೆಂದು ತೋಡಿದ ಗುಂಡಿ ಎಷ್ಟು ಮಳೆಗಾಲದ ನೀರು ಕುಡಿಯಿತೆಂಬುದನ್ನು ಆ ದಾರಿಯಲ್ಲಿ ಹೋಗಿ ಬರುವ ಎಲ್ಲರೂ ಕಂಡಿದ್ದಾರೆ. ಬೆಂಗಳೂರಿನ ಫ್ರೀಡಂ ಪಾರ್ಕಿನ ಬಳಿಯ ಪಾರ್ಕಿಂಗ್ ಕಟ್ಟಡ ಎದ್ದು ನಿಂತ ಮೇಲೂ ನಡೆಸುವವರು ಸಿಗದೆ ಬಹುಕಾಲ ಮುಚ್ಚಿಕೊಂಡಿತ್ತು, ತೆರೆದದ್ದು 2024ರಲ್ಲಿ. ದೆಹಲಿಯಲ್ಲೂ ಕೋಟಿಗಟ್ಟಲೆ ಸುರಿದು ಕಟ್ಟಿದ ಯಂತ್ರದ ಪಾರ್ಕಿಂಗುಗಳ ಒಳಗೆ ಜಾಗ ಖಾಲಿ, ಹೊರಗಿನ ರಸ್ತೆ ಭರ್ತಿ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೆಳಗೆ ಅಂಗಡಿ ಬಾಗಿಲಲ್ಲೇ ಬಿಟ್ಟಿ ಜಾಗ ಸಿಗುವಾಗ ಹಣ ಕೊಟ್ಟು ಮೂರನೇ ಮಾಳಿಗೆಗೆ ಹತ್ತಿಸುವವರು ಯಾರು? ರಸ್ತೆಗೆ ದರ ಕಟ್ಟಿದ ಮೇಲೆ ಕಟ್ಟಡ ಕಟ್ಟಿದರೆ ಅದು ತುಂಬುತ್ತದೆ. ಮೊದಲು ಕಟ್ಟಡ ಕಟ್ಟಿದರೆ ಗುತ್ತಿಗೆದಾರರಿಗೆ ಬಿಲ್ಲು ಸಿಗುತ್ತದೆ.

ಹೊಸ ಕಟ್ಟಡದ ಮಾತೆತ್ತುವ ಮೊದಲು ಹಳೆಯ ಕಟ್ಟಡಗಳ ನೆಲಮಾಳಿಗೆ ನೋಡಬೇಕು. ಕೇರಳದ ಮುನಿಸಿಪಾಲಿಟಿ ಕಟ್ಟಡ ನಿಯಮಗಳು, 2019ರಲ್ಲಿ ಪರಿಷ್ಕೃತವಾದವು, ವಾಣಿಜ್ಯ ಕಟ್ಟಡಕ್ಕೆ ಅದರ ವಿಸ್ತೀರ್ಣಕ್ಕೆ ತಕ್ಕಷ್ಟು ಪಾರ್ಕಿಂಗ್ ತನ್ನ ಜಾಗದೊಳಗೇ ಇರಬೇಕೆನ್ನುತ್ತವೆ. ಪ್ಲಾನಿನಲ್ಲಿ ಚಂದದ ಗೆರೆಗಳೂ ಇರುತ್ತವೆ. ಕಟ್ಟಡಕ್ಕೆ ನಂಬ್ರ ಸಿಕ್ಕಿದ ಮೇಲೆ ಆ ಗೆರೆಗಳ ಮೇಲೆ ಗೋಣಿ ಚೀಲ, ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ, ಒಂದು ಟೈಲರಿಂಗ್ ಮಿಷನ್, ಕೊನೆಗೊಂದು ಬಾಗಿಲು, ಬಾಗಿಲಿಗೊಂದು ಬೋರ್ಡು. ಭಾರತದ ಯಾವ ಪೇಟೆಗೆ ಹೋದರೂ ಇದೇ ಕತೆ. ಯಾವ ಕಟ್ಟಡ ಎಂದು ನಾನು ಬೆರಳು ತೋರಿಸಲು ಹೊರಟಿಲ್ಲ. ಆದರೆ 2024ರ ಜುಲೈ 27ರ ಸಂಜೆ ದೆಹಲಿಯ ಹಳೆ ರಾಜಿಂದರ್ ನಗರದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಪಾರ್ಕಿಂಗಿಗೂ ಸಾಮಾನು ಇಡಲಿಕ್ಕೂ ಮಾತ್ರ ಅನುಮತಿಯಿದ್ದ ನೆಲಮಾಳಿಗೆಯಲ್ಲಿ ಲೈಬ್ರರಿ ನಡೆಯುತ್ತಿತ್ತು. ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು, ಅವರಲ್ಲೊಬ್ಬ ಕೇರಳದವ. ಆಟಿ ತಿಂಗಳಲ್ಲಿ ನಮ್ಮಲ್ಲಿ ಬೀಳುವ ಮಳೆಗೆ ಹೋಲಿಸಿದರೆ ದೆಹಲಿಯದು ಮಳೆಯೇ ಅಲ್ಲ. ನೆಲಮಾಳಿಗೆಗಳನ್ನು ಮತ್ತೆ ಗಾಡಿಗೆ ಬಿಡಿಸುವುದು ಪಾರ್ಕಿಂಗಿನ ಕೆಲಸವಷ್ಟೇ ಅಲ್ಲ, ಜೀವದ ಕೆಲಸ. ವಾರ್ಡಿಗೊಬ್ಬರಂತೆ ಪ್ಲಾನು ಹಿಡಿದು ಹೋಗಿ ನೋಡಲು ನಗರಸಭೆಗೆ ಯಾರ ಅಪ್ಪಣೆಯೂ ಬೇಡ.

ಈಗ ಫ್ಲೈಓವರಿನ ಕತೆ. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ತಲಪಾಡಿಯಿಂದ ಚೆಂಗಳದವರೆಗಿನ ಭಾಗ ಮುಗಿದ ಮೇಲೆ, ಕರಂದಕ್ಕಾಡಿನಿಂದ ಹೊಸ ಬಸ್ ಸ್ಟ್ಯಾಂಡಿನ ಎದುರಿಗಾಗಿ ನುಳ್ಳಿಪ್ಪಾಡಿಯ ಕಡೆಗೆ ಒಂದೇ ಸಾಲು ಕಂಬಗಳ ಮೇಲೆ ಹೆದ್ದಾರಿ ತಲೆಯೆತ್ತಿ ಹೋಗಿದೆ. ಅದರ ಅಡಿಯಲ್ಲಿ ನೆರಳಿರುವ, ಮಳೆ ಬೀಳದ ಉದ್ದನೆಯ ಜಾಗ ಸಿಕ್ಕಿದೆ. ಪೇಟೆಯ ನಡುವೆ ಇಷ್ಟು ಸಾರ್ವಜನಿಕ ಜಾಗ ಇನ್ನೊಮ್ಮೆ ನಮ್ಮ ಕಾಲದಲ್ಲಿ ಸಿಗುವುದಿಲ್ಲ. ನೆಲ ಹೆದ್ದಾರಿ ಪ್ರಾಧಿಕಾರದ್ದು, ನಗರಸಭೆಯದ್ದಲ್ಲ, ಕೇಳಿ ಪಡೆಯಬೇಕು. ಕೇಳುವ ಮೊದಲು ಯಾತಕ್ಕೆ ಎಂದು ತೀರ್ಮಾನವಾಗಲಿ. ನನ್ನ ಸಲಹೆ ಇಷ್ಟು: ಬಸ್ ಸ್ಟ್ಯಾಂಡಿನ ನೇರ ಎದುರಿನ ಭಾಗ ನಡೆದು ದಾಟುವವರಿಗೆ, ಬಸ್ಸಿಗೆ ಕಾಯುವವರಿಗೆ, ರಿಕ್ಷಾಗಳಿಗೆ ಇರಲಿ. ಅಲ್ಲಿಂದಾಚೆ ಎರಡೂ ತುದಿಯ ಕಡೆ ದಿನವಿಡೀ ನಿಲ್ಲುವ ಗಾಡಿಗಳಿಗೆ, ದಿನಕ್ಕೊಂದು ದರ ಅಥವಾ ತಿಂಗಳ ಪಾಸು ಇಟ್ಟು ಕೊಡಿ. ಅಂಗಡಿ ಯಜಮಾನರೂ ನೌಕರರೂ ಅಲ್ಲಿ ಇಟ್ಟು ಎಂ.ಜಿ. ರೋಡಿಗೆ ನಡೆದು ಬರಲಿ. ದೂರ ಅನ್ನಿಸಿದರೆ ಬಸ್ಸುಗಳು ಅದೇ ದಾರಿಯಲ್ಲಿ ಹೋಗುತ್ತವೆ. ಗ್ಯಾಸಿನ ಒಲೆಯ ಚಾ ಗೂಡಂಗಡಿ, ವೆಲ್ಡಿಂಗು, ಗುಜರಿ ಇವು ಯಾವುವನ್ನೂ ಕಂಬದ ಬುಡಕ್ಕೆ ಬರಗೊಡಬೇಡಿ. ಬೆಂಕಿ ಬಿದ್ದರೆ ಹೋಗುವುದು ಚಾ ಅಂಗಡಿಯಲ್ಲ, ಸೇತುವೆ.

ಸರ್ವೀಸ್ ರೋಡಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಊರಿನ ಬಸ್ಸು, ಆಂಬುಲೆನ್ಸು, ಶಾಲಾ ವ್ಯಾನು ಎಲ್ಲವೂ ಈಗ ಅದರಲ್ಲೇ ಓಡಬೇಕು. ಒಂದು ಬದಿ ಕಾರು ನಿಂತರೆ ಉಳಿಯುವುದು ಒಂದೇ ಗಾಡಿಯ ದಾರಿ. ಅಲ್ಲಿ ಪಾರ್ಕಿಂಗ್ ಪೂರ್ತಿ ಬಂದ್ ಆಗಬೇಕು, ಐದು ನಿಮಿಷಕ್ಕೂ ಬೇಡ.

ಈ ಗಾಡಿಗಳೆಲ್ಲ ಎಲ್ಲಿಂದ ಬರುತ್ತವೆ? 2011ರ ಜನಗಣತಿಯಲ್ಲಿ ನಗರಸಭೆಯೊಳಗೆ ಇದ್ದವರು ಸುಮಾರು 54 ಸಾವಿರ. ಜಿಲ್ಲೆಯಲ್ಲಿ ಇದ್ದವರು 13 ಲಕ್ಷ. 1984ರಲ್ಲಿ ಜಿಲ್ಲೆಯಾದ ಮೇಲೆ ಕಲೆಕ್ಟರೇಟು ವಿದ್ಯಾನಗರಕ್ಕೆ ಹೋಯಿತು, ಆದರೂ ಆಸ್ಪತ್ರೆ, ರೈಲು, ಬ್ಯಾಂಕು, ಮೀನು, ಮದುವೆಯ ಬಟ್ಟೆ, ಅಡಿಕೆ ಕೊಟ್ಟು ಬಂದ ದುಡ್ಡಿನ ಖರ್ಚು ಎಲ್ಲ ಹಳೆ ಪೇಟೆಯಲ್ಲೇ ಉಳಿಯಿತು. ನಿಂತ ಗಾಡಿಗಳ ನಂಬ್ರ ಓದುತ್ತಾ ಹೋದರೆ ಕೆಎಲ್ 14ರ ನಡುವೆ ಹೊಸದುರ್ಗದ ಕಡೆಯ ಕೆಎಲ್ 60, ಗಡಿಯಾಚೆಯ ಕೆಎ 19, ಕೆಎ 21 ಧಾರಾಳ ಕಾಣುತ್ತವೆ. ಪೇಟೆಯ ರಸ್ತೆ ನಗರಸಭೆಯದ್ದಾದರೂ ಅದರ ಮೇಲಿನ ಭಾರ ಇಡೀ ಜಿಲ್ಲೆಯದ್ದು.

ನಾವು ಗಾಡಿ ತರುವುದು ಶೋಕಿಗಲ್ಲ ಎಂಬುದನ್ನೂ ಹೇಳಬೇಕು. ಸಂಜೆ ಏಳೂವರೆ, ಎಂಟು ಕಳೆದರೆ ಒಳನಾಡಿನ ಹಲವು ದಾರಿಗಳಿಗೆ ಬಸ್ಸಿಲ್ಲ. 2020ರಲ್ಲಿ ಲಾಕ್‌ಡೌನಿನ ಹೊತ್ತಿಗೆ ನಿಂತ ಟ್ರಿಪ್ಪುಗಳಲ್ಲಿ ಕೆಲವು ಮತ್ತೆ ಶುರುವಾಗಲೇ ಇಲ್ಲ. ಬಸ್ಸಿಲ್ಲವೆಂದು ಸ್ಕೂಟರು ಕೊಂಡರು, ಜನ ಕಡಿಮೆಯಾದರೆಂದು ಬಸ್ಸಿನವರು ಇನ್ನೊಂದು ಟ್ರಿಪ್ಪು ಕಡಿದರು, ಅದಕ್ಕೆ ಇನ್ನಷ್ಟು ಜನ ಕಾರು ಕೊಂಡರು. ಹನ್ನೆರಡು ಮೀಟರು ಉದ್ದದ ಬಸ್ಸು ನಿಂತಾಗ ಹಿಡಿಯುವುದು ಎರಡೂವರೆ ಕಾರಿನ ಜಾಗ, ಕರೆತರುವುದು ಐವತ್ತು ಜನರನ್ನು. ರಾತ್ರಿ ಒಂಬತ್ತಕ್ಕೆ ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ಸೀತಾಂಗೋಳಿಯ ಕಡೆಗೆ ಒಂದೊಂದು ಖಾತ್ರಿಯ ಬಸ್ಸು ಹೊರಟರೆ ಮಧ್ಯಾಹ್ನದ ಪಾರ್ಕಿಂಗ್ ಎಷ್ಟೋ ಹಗುರಾಗುತ್ತದೆ, ಏಕೆಂದರೆ ಜನ ಬೆಳಗ್ಗೆ ಗಾಡಿ ತೆಗೆಯುವುದೇ ರಾತ್ರಿಯ ಮರಳುವಿಕೆಯನ್ನು ನೆನೆದು. ಇದು ನಗರಸಭೆಯ ಕೈಯಲ್ಲಿಲ್ಲ ಅನ್ನಬಹುದು. ಪಾರ್ಕಿಂಗ್ ಶುಲ್ಕದಿಂದ ಬಂದ ಹಣದಲ್ಲಿ ಒಂದು ಪಾಲನ್ನು ಈ ಕೊನೆಯ ಬಸ್ಸುಗಳ ನಷ್ಟ ತುಂಬಲು ಇಡುತ್ತೇವೆ ಎಂದು ಹೇಳಿ ಕೇರಳ ಕೆಎಸ್‌ಆರ್‌ಟಿಸಿ ಡಿಪೋದವರನ್ನು ಮಾತಿಗೆ ಕರೆಯುವುದು ನಿಮ್ಮ ಕೈಯಲ್ಲಿದೆ.

ಜನರಲ್ ಆಸ್ಪತ್ರೆಯ ಸುತ್ತಲಿನ ವಿಚಾರ ಬೇರೆ ತೂಕದ್ದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿದ ಜಿಲ್ಲೆ ಇದು. ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಎಷ್ಟೋ ಮನೆಗಳಲ್ಲಿ ಇಪ್ಪತ್ತೈದು, ಮೂವತ್ತು ವರ್ಷದ ಮಕ್ಕಳನ್ನು ತಾಯಂದಿರು ಇವತ್ತಿಗೂ ಎತ್ತಿಕೊಂಡೇ ನಡೆಯುತ್ತಾರೆ. ಅಂಥವರು ಬಂದ ಜೀಪು ಆಸ್ಪತ್ರೆ ಬಾಗಿಲಿನಿಂದ ದೂರ ನಿಲ್ಲಬೇಕಾದರೆ ಆ ದೂರವನ್ನು ತಾಯಿಯ ತೋಳು ಹೊರಬೇಕು. ಆಸ್ಪತ್ರೆಯ ಬದಿಯಲ್ಲಿ ನಾಲ್ಕೈದು ಗಾಡಿಯ ಜಾಗವನ್ನು ಹಳದಿ ಬಣ್ಣ ಬಳಿದು ನಡೆಯಲಾಗದ ರೋಗಿಗಳಿಗೇ ಮೀಸಲಿಟ್ಟು, ಅಲ್ಲಿ ಬೇರೆಯವರ ಗಾಡಿ ನಿಲ್ಲದಂತೆ ಒಬ್ಬ ಕಾವಲುಗಾರನನ್ನು ಇಡಬೇಕು. ಈ ಪತ್ರದಲ್ಲಿ ನಾನು ಕೇಳುವ ಉಳಿದ ಯಾವುದು ತಡವಾದರೂ ಇದು ತಡವಾಗಬಾರದು.

ಲೋಡಿನ ಲಾರಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗ್ಗೆ ಒಂಬತ್ತರೊಳಗೆ, ಇಲ್ಲವೇ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಳಿಸಿಕೊಂಡರೆ ಆಯಿತು. ಆದರೆ ಹೊತ್ತು ಬದಲಾದರೆ ಹೊರೆ ಇಳಿಸುವ ಕಾರ್ಮಿಕರ ಪಾಳಿಯೂ ಬದಲಾಗಬೇಕು. ಅವರ ಯೂನಿಯನುಗಳನ್ನು ಮೊದಲೇ ಕೂರಿಸಿ ಮಾತಾಡದೆ ಬೋರ್ಡು ಹಾಕಿದರೆ ಬೋರ್ಡು ಮಾತ್ರ ಉಳಿಯುತ್ತದೆ, ಇದು ಕೇರಳ.

ಇಷ್ಟಕ್ಕೆಲ್ಲ ಹೊಸ ಕಾನೂನು ಬೇಡ. 1988ರ ಮೋಟಾರು ವಾಹನ ಕಾಯಿದೆಯ 117ನೇ ಸೆಕ್ಷನ್ ಪ್ರಕಾರ ರಾಜ್ಯ ಸರಕಾರ, ಅಥವಾ ಅದು ಅಧಿಕಾರ ಕೊಟ್ಟವರು, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗಾಡಿ ಎಲ್ಲಿ ನಿಲ್ಲಬಹುದೆಂದು ಗೊತ್ತುಪಡಿಸಬಹುದು. ಎಷ್ಟು ಹೊತ್ತು ಎಂಬುದನ್ನು ಗೊತ್ತುಪಡಿಸಲಿಕ್ಕೂ ಅದೇ ಸೆಕ್ಷನಿನಲ್ಲಿ ಅವಕಾಶವಿದೆ. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ಬಿಟ್ಟ ಗಾಡಿಯನ್ನು ಎಳೆದೊಯ್ಯಲು, ಚಕ್ರಕ್ಕೆ ಬೀಗ ಹಾಕಲು 127ನೇ ಸೆಕ್ಷನ್ ಸಮವಸ್ತ್ರದ ಪೊಲೀಸ್ ಅಧಿಕಾರಿಗೆ ಬಿಟ್ಟುಕೊಟ್ಟಿದೆ. ಬೆಳಗ್ಗೆ ಶಟರು ಏಳುವಾಗ ಬಂದು ರಾತ್ರಿ ಶಟರು ಬೀಳುವಾಗ ಹೊರಡುವ ಗಾಡಿಗೆ ಈ ಗಡುವು ಹತ್ತಿರ ಹತ್ತಿರ ಸರಿಹೋಗುತ್ತದೆ. ನಗರಸಭೆಯ ಅಧ್ಯಕ್ಷರೇ ಅಧ್ಯಕ್ಷರಾಗಿ, ಪೊಲೀಸ್, ಮೋಟಾರು ವಾಹನ ಇಲಾಖೆ, ಲೋಕೋಪಯೋಗಿಯವರು ಕೂರುವ ಟ್ರಾಫಿಕ್ ರೆಗ್ಯುಲೇಟರಿ ಕಮಿಟಿಯೂ ಇದೆ. ತೀರ್ಮಾನ ಆಗಬೇಕಾದ ಮೇಜು ಅದು.

ಕ್ಯಾಮೆರಾ ಎಲ್ಲ ನೋಡಿಕೊಳ್ಳುತ್ತದೆ ಎಂದು ಕಾದು ಕೂರುವುದರಲ್ಲಿ ಅರ್ಥವಿಲ್ಲ. 2023ರ ಜೂನಿನಿಂದ ದಂಡ ಹಾಕತೊಡಗಿದ ಸೇಫ್ ಕೇರಳ ಯೋಜನೆಯಲ್ಲಿ ರಾಜ್ಯಕ್ಕೆಲ್ಲ ಬಂದದ್ದು 726 ಕ್ಯಾಮೆರಾ. ಅದರಲ್ಲಿ ತಪ್ಪು ಪಾರ್ಕಿಂಗ್ ಹಿಡಿಯಲು ಮೀಸಲಾದದ್ದು 25. ಹದಿನಾಲ್ಕು ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಎರಡು ಬರುವುದೂ ಕಷ್ಟ. ಪಾರ್ಕಿಂಗ್ ನೋಡಬೇಕಾದದ್ದು ಕಾಲ ಮೇಲೆ ನಡೆಯುವ ಮನುಷ್ಯ, ಕೈಯಲ್ಲೊಂದು ರಶೀದಿ ಯಂತ್ರದೊಂದಿಗೆ.

ಶುಲ್ಕ ಎಂದ ಕೂಡಲೇ ಜನ ಸಿಡುಕುತ್ತಾರೆ, ಅದಕ್ಕೂ ಕಾರಣವಿದೆ. ನಾವು ಕಂಡ ಪಾರ್ಕಿಂಗ್ ಶುಲ್ಕವೆಂದರೆ ದೊಡ್ಡ ಪೇಟೆಗಳಲ್ಲಿ ಎಲ್ಲಿಂದಲೋ ಓಡಿಬಂದು ಹರಿದ ಚೀಟಿ ಕೈಗಿಟ್ಟು ಜಗಳ ತೆಗೆಯುವ ಗುತ್ತಿಗೆಯ ಹುಡುಗರು. ಹರಾಜು ಹಾಕಿ ಒಬ್ಬನಿಗೆ ಬೀದಿ ಬರೆದುಕೊಟ್ಟರೆ ಇಲ್ಲೂ ಅದೇ ಆಗುತ್ತದೆ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಬೇಕಾದ್ದು ಹೆಚ್ಚು ಗಾಡಿ, ಹೆಚ್ಚು ಹೊತ್ತು. ನಮಗೆ ಬೇಕಾದ್ದು ಬೇಗ ಬಿಟ್ಟುಕೊಡುವ ಜಾಗ. ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರಿಗೆ ಸಂಬಳದ ಮೇಲೆ ಈ ಕೆಲಸ ಕೊಡಿ. ಮೊದಲ ಅರ್ಧ ಗಂಟೆ ಬೈಕಿಗೆ ಬಿಟ್ಟಿ, ಕಾರಿಗೆ ಹತ್ತು ರೂಪಾಯಿ. ಅಲ್ಲಿಂದ ಮೇಲೆ ಪ್ರತಿ ಅರ್ಧ ಗಂಟೆಗೂ ದರ ಏರುತ್ತಾ ಹೋಗಲಿ, ಎರಡು ಗಂಟೆ ಮೀರಿದರೆ ದಂಡ. ದಂಡ ಶುಲ್ಕಕ್ಕಿಂತ ಕಡಿಮೆಯಿದ್ದರೆ ಮಾತ್ರ ಜನ ದಂಡವನ್ನೇ ಶುಲ್ಕವೆಂದು ಕಟ್ಟಿ ನೆಮ್ಮದಿಯಾಗಿರುತ್ತಾರೆ, ಅದನ್ನು ನೋಡಿಕೊಳ್ಳಿ. ಬಂದ ಹಣ ಎಷ್ಟು, ಹೋದದ್ದು ಎಲ್ಲಿಗೆ ಎಂಬುದನ್ನು ತಿಂಗಳಿಗೊಮ್ಮೆ ಅದೇ ಬೀದಿಯಲ್ಲಿ ಬರೆದು ಅಂಟಿಸಿ. ಚರಂಡಿಯ ಮೇಲಿನ ಒಡೆದ ಚಪ್ಪಡಿ ಆ ಹಣದಲ್ಲಿ ಸರಿಯಾದದ್ದು ಕಣ್ಣಿಗೆ ಕಂಡರೆ ಹತ್ತು ರೂಪಾಯಿಗೆ ಯಾರೂ ಅಳುವುದಿಲ್ಲ.

ನಮ್ಮ ಜನಕ್ಕೆ ಶಿಸ್ತಿಲ್ಲ, ಇದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಹೇಳುವವರಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಏನು ನಡೆಯುತ್ತದೆಂದು ಅವರು ನೋಡಿಲ್ಲವೇ? ದೇವಸ್ಥಾನದ ಬ್ರಹ್ಮಕಲಶವಿರಲಿ, ಮಸೀದಿಯ ಉರೂಸ್ ಇರಲಿ, ತರವಾಡಿನ ಕಳಿಯಾಟವಿರಲಿ, ಕೊಯ್ಲಾದ ಗದ್ದೆಯ ಹುಣಿ ಸಮ ಮಾಡಿ, ಹಗ್ಗ ಕಟ್ಟಿ, ಕಾರಿಗೊಂದು ಸಾಲು, ಬೈಕಿಗೊಂದು ಸಾಲು, ಬಸ್ಸಿಗೆ ರಸ್ತೆ ಬದಿ ಎಂದು ಊರಿನ ಹುಡುಗರು ಸೀಟಿ ಊದಿ ಕೈ ತೋರಿಸಿದ ಕಡೆ ಎಂಥ ದೊಡ್ಡ ಕಾರಿನವರೂ ತುಟಿಪಿಟಕ್ಕೆನ್ನದೆ ನಿಲ್ಲಿಸುತ್ತಾರೆ. ಅಲ್ಲಿಂದ ಅರ್ಧ ಮೈಲು ನಡೆಯುತ್ತಾರೆ. ಪೇಟೆಯಲ್ಲಿ ಇಪ್ಪತ್ತು ಹೆಜ್ಜೆ ನಡೆಯದವರೂ ಇವರೇ. ವ್ಯತ್ಯಾಸ ಇಷ್ಟೇ, ಅಲ್ಲಿ ಹೇಳುವವರಿದ್ದಾರೆ, ಹೇಳಿದ್ದು ಎಲ್ಲರಿಗೂ ಒಂದೇ.

ಕೋಝಿಕ್ಕೋಡಿನ ಮಿಠಾಯಿ ತೆರುವಿನ ಉದಾಹರಣೆಯನ್ನು ಕೆಲವರು ಎತ್ತುತ್ತಾರೆ. 2017ರ ಕೊನೆಗೆ ಆ ಬೀದಿಯನ್ನು ಹೊಸದಾಗಿಸಿ ಹಗಲು ಗಾಡಿ ಬಿಡುವುದನ್ನು ನಿಲ್ಲಿಸಿದರು. ವ್ಯಾಪಾರಿಗಳು ವಿರೋಧಿಸಿದ್ದರು, ಇವತ್ತಿಗೂ ಅಲ್ಲಿ ಜನರ ನೂಕುನುಗ್ಗಲು ಕಡಿಮೆಯಾಗಿಲ್ಲ. ನಮ್ಮ ಎಂ.ಜಿ. ರೋಡಿಗೆ ಅದನ್ನು ಹಾಗೇ ತರಲಾಗದು, ಇಲ್ಲಿ ಎರಡು ಬಸ್ ಸ್ಟ್ಯಾಂಡುಗಳ ನಡುವಿನ ಬಸ್ಸು ಓಡಬೇಕು. ಆದರೆ ಪೇಟೆಯ ಒಳಗಿನ ಒಂದೆರಡು ಸಣ್ಣ ಓಣಿಗಳಲ್ಲಿ, ಓಣಂ ಮತ್ತು ಪೆರುನಾಳಿನ (ಈದ್) ಹದಿನೈದು ದಿನಗಳಿಗಾದರೂ, ಪ್ರಯತ್ನ ಮಾಡಿ ನೋಡಬಹುದು.

ನಾನು ಕೇಳುವುದು ಇಡೀ ಪೇಟೆಯನ್ನು ಒಂದೇ ದಿನ ಬದಲಿಸಬೇಕೆಂದಲ್ಲ. ಕೆ.ಪಿ.ಆರ್. ರಾವ್ ರೋಡನ್ನು ಮಾತ್ರ ಮೂರು ತಿಂಗಳ ಮಟ್ಟಿಗೆ ಹೊತ್ತಿನ ಪಾರ್ಕಿಂಗಿಗೆ ಆರಿಸಿಕೊಳ್ಳಿ. ಶುರು ಮಾಡುವ ಮೊದಲು ಒಂದು ವಾರ, ಮುಗಿಯುವಾಗ ಒಂದು ವಾರ, ಕಾಲೇಜು ಮಕ್ಕಳನ್ನು ಕೂರಿಸಿ ಯಾವ ಗಾಡಿ ಎಷ್ಟು ಹೊತ್ತು ನಿಂತಿತೆಂದು ಬರೆಸಿ. ಮಳೆಗಾಲದಲ್ಲಿ ಬೇಡ, ಜನ ನಡೆಯಲು ಮನಸ್ಸು ಮಾಡುವುದಿಲ್ಲ. ತುಲಾ ಮಾಸ ಕಳೆದ ಮೇಲೆ ಮಾಡಿ. ಲೆಕ್ಕ ನೋಡಿ ವ್ಯಾಪಾರಿಗಳೇ ಬೇಡವೆಂದರೆ ಬಿಡಿ. ಬೇಕೆಂದರೆ ಎಂ.ಜಿ. ರೋಡು, ಬ್ಯಾಂಕ್ ರೋಡುಗಳಿಗೆ ಅದನ್ನೇ ಕೊಂಡೊಯ್ಯಿರಿ.

ಬೋರ್ಡುಗಳನ್ನು ಮಲಯಾಳದ ಜೊತೆಗೆ ಕನ್ನಡದಲ್ಲೂ ಬರೆಸಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ಹೊತ್ತಿಗೆ ಎಷ್ಟು ರೂಪಾಯಿ ಎಂಬುದು ಓದಲು ಬಾರದ ಕಾರಣಕ್ಕೆ ಎಣ್ಮಕಜೆಯ ಅಜ್ಜನೊಬ್ಬ ದಂಡ ಕಟ್ಟುವಂತಾಗಬಾರದು. ಕಮಿಟಿಯ ಸಭೆ ಯಾವತ್ತೆಂದು ಮುಂಚಿತವಾಗಿ ತಿಳಿಸಿದರೆ ನಮ್ಮ ಕಡೆಯ ನಾಲ್ಕೈದು ಜನ ಬಂದು ಕೂರಲು ತಯಾರಿದ್ದೇವೆ. ಬಸ್ಸಿನಲ್ಲೇ ಬರುತ್ತೇವೆ, ಸಭೆಯನ್ನು ಸಂಜೆ ಆರರೊಳಗೆ ಮುಗಿಸಿ.

ಇತಿ,
ನೀರ್ಚಾಲಿನ ಒಬ್ಬ ಅಡಿಕೆ ಕೃಷಿಕ